ಒತ್ತಕ್ಷರಕ್ಕೊಂದಿಷ್ಟು ಜಾಗ

ವ್ಯಾಕರಣ ಕಲಿಸಿದವನಿಗೆ ಜಾವಾದ ಉಸಾಬರಿ ಏಕೆಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳಬಹುದು. ನಿಮ್ಮಲ್ಲಿ ಹಲವರು ಕಟ್ಟುವ ಜಾಲಪುಟಗಳಲ್ಲಿ ಕನ್ನಡದ ಒತ್ತಕ್ಷರಗಳು ಕಾಣೆಯಾಗುವುದನ್ನು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ.

ಕಳೆದ ವರ್ಷ ನನ್ನ ಅಕ್ಕ ಸಹಕಾರ ಸಂಘವೊಂದರ ಜಾಲಪುಟದಲ್ಲಿ ಠೇವಣಿ ನವೀಕರಿಸಲು ಕುಳಿತರು. ಎಂಬತ್ತು ದಾಟಿದ ಅವರಿಗೆ ಓದಲು ಬರುವುದು ಕನ್ನಡವೊಂದೇ. ‘ಒಪ್ಪಿಗೆ’ ಎಂದಿರಬೇಕಾದ ಗುಂಡಿಯ ಮೇಲೆ ಒತ್ತು ಕತ್ತರಿಸಿಹೋಗಿ ‘ಒಪಿಗೆ’ ಎಂದು ಕಾಣುತ್ತಿತ್ತು. ಪಕ್ಕದ ‘ಸಲ್ಲಿಸಿ’ ಹೋಗಿ ‘ಸಲಿಸಿ’ಯಾಗಿತ್ತು. “ನೆಟ್ಟಗೆ ಓದಲಾಗದ್ದಕ್ಕೆ ಒಪ್ಪಿಗೆ ಕೊಡುವುದು ಹೇಗೋ?” ಎಂದು ಅಕ್ಕ ಕೈ ಹಿಂತೆಗೆದರು. ಇಡೀ ಜೀವಮಾನದ ಉಳಿತಾಯವಿದ್ದಾಗ ಆ ಅನುಮಾನ ನ್ಯಾಯವಾದುದೇ.

ದಸರಾ ರಜೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಇದರ ಮರ್ಮವನ್ನು ಬಿಡಿಸಿ ಹೇಳಿದ. ಆ ಪುಟವನ್ನು ಕಟ್ಟಿರುವುದು ಜಾವಾ ಸರ್ವರ್ ಫೇಸಸ್ ಎಂಬ ಚೌಕಟ್ಟಿನಲ್ಲಿ. 2004ರಲ್ಲಿ ಮೊದಲ ಆವೃತ್ತಿ ಕಂಡ ಇದಕ್ಕೆ ಈಗ ಜಕಾರ್ತಾ ಫೇಸಸ್ ಎಂದು ಹೆಸರು. ಗುಂಡಿ, ಪಟ್ಟಿ, ಬರೆಯುವ ಚೌಕ ಎಲ್ಲವೂ ಇಲ್ಲಿ ಘಟಕಗಳು. ಘಟಕದ ಕೆಲಸ ಬೇರೆ, ರೂಪ ಬೇರೆ. ಯಕ್ಷಗಾನದಲ್ಲಿ ಪಾತ್ರ ಬೇರೆ, ವೇಷ ಬೇರೆ ಇರುವಂತೆ. ಘಟಕವನ್ನು ಎಚ್‌ಟಿಎಂಎಲ್ ಆಗಿ ಬರೆದುಕೊಡುವುದು ರೆಂಡರರ್. ಬಣ್ಣ, ಅಳತೆಗಳನ್ನು ಹೇಳುವುದು ಸಿಎಸ್‌ಎಸ್.

“ರೆಂಡರರನ್ನೇ ಹೊಸದಾಗಿ ಬರೆಯಬಹುದು ಮೇಷ್ಟ್ರೇ. ಆದರೆ ಒತ್ತಿಗಾಗಿ ಅಷ್ಟು ದೂರ ಹೋಗಬೇಕಿಲ್ಲ” ಎಂದ. ಗುಂಡಿಗೆ ‘ಸ್ಟೈಲ್‌ಕ್ಲಾಸ್’ ಎಂಬ ಗುಣದಲ್ಲಿ ಒಂದು ಹೆಸರಿಟ್ಟು, ಆ ಹೆಸರಿಗೆ ಸಿಎಸ್‌ಎಸ್ ನಿಯಮ ಬರೆದರೆ ಸಾಕು. ಬರಿಯ ‘ಕ್ಲಾಸ್’ ಏಕಲ್ಲವೆಂದರೆ, ಜಾವಾದ ಪ್ರತಿಯೊಂದು ವಸ್ತುವಿಗೂ ‘ಗೆಟ್‌ಕ್ಲಾಸ್’ ಎಂಬ ವಿಧಾನ ಹುಟ್ಟಿನಿಂದಲೇ ಇರುವುದರಿಂದ ಆ ಹೆಸರು ಬಿಡುವಿಲ್ಲ. ಗುಂಡಿಯ ಐಡಿಯನ್ನು ಹಿಡಿದು ಹೋದರೆ ಇನ್ನೊಂದು ತೊಡಕು: ಫಾರ್ಮಿನ ಹೆಸರೂ ನಡುವೆ ಒಂದು ಕೋಲನ್ ಚಿಹ್ನೆಯೂ ಅದಕ್ಕೆ ಸೇರಿಕೊಳ್ಳುತ್ತವೆ. ಸಿಎಸ್‌ಎಸ್‌ನಲ್ಲಿ ಕೋಲನ್‌ಗೆ ಬೇರೆಯೇ ಅರ್ಥ. ನಮ್ಮ ಸಿಎಸ್‌ಎಸ್ ಕಡತವು ಚೌಕಟ್ಟಿನ ಕಡತದ ನಂತರ ಬರಬೇಕೆಂಬುದೂ ಮುಖ್ಯ. ಸಮಬಲದ ಎರಡು ನಿಯಮಗಳಲ್ಲಿ ಕೊನೆಯದಕ್ಕೇ ಗೆಲುವು.

ರೋಮನ್ ಲಿಪಿಯ ಅಳತೆಗೆ ಗುಂಡಿಯ ಎತ್ತರವನ್ನು ಬಿಗಿದು, ಹೊರಚಾಚಿದ್ದನ್ನು ಮರೆಮಾಡೆಂದು ಬರೆದದ್ದೇ ಇಲ್ಲಿನ ದೋಷ. ಅವನು ಬ್ರೌಸರಿನಲ್ಲೇ ಆ ಬಿಗಿತವನ್ನು ತೆಗೆದು, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.8ರಷ್ಟಕ್ಕೆ ಏರಿಸಿದ. ಒತ್ತುಗಳೆಲ್ಲ ಸ್ವಸ್ಥಾನಕ್ಕೆ ಬಂದವು. ಆದರೆ ಅದು ನಮ್ಮ ಪರದೆಯ ಮೇಲೆ ಮಾತ್ರ. ಸಂಘಕ್ಕೆ ಪತ್ರ ಬರೆದೆವು, ಉತ್ತರ ಬರಲಿಲ್ಲ. ಅಕ್ಕ ಬಸ್ಸು ಹತ್ತಿ ಹೋಗಿ ನವೀಕರಿಸಿ ಬಂದರು.

ಪುಟ ಕಟ್ಟುವ ಕಾಯಕದಲ್ಲಿರುವ ಮಕ್ಕಳೇ, ನಿಮ್ಮ ಗುಂಡಿಗಳನ್ನು ಪರೀಕ್ಷಿಸುವಾಗ ಅವುಗಳ ಮೇಲೆ ಒಮ್ಮೆ ‘ಸ್ತ್ರೀ’ ಎಂದು, ಒಮ್ಮೆ ‘ರಾಷ್ಟ್ರ’ ಎಂದು ಬರೆದು ನೋಡಿ. ಅವೆರಡೂ ಪೂರ್ತಿ ಕಂಡರೆ ‘ಒಪ್ಪಿಗೆ’ಯೂ ಕಂಡೀತು.