ಒಂದೇ ಸೂರಿನಡಿಯ ಸಂತೆ

ಮನುಷ್ಯನು ಸಂತೆಗೆ ಹೋಗುವುದು ಸರಕನ್ನು ಕೊಳ್ಳುವುದಕ್ಕೆ ಮಾತ್ರವಲ್ಲ; ನಾಲ್ವರನ್ನು ಕಂಡು ಮಾತನಾಡುವುದಕ್ಕೂ ಹೌದು. ಈ ಸತ್ಯವನ್ನು ಚೆನ್ನಾಗಿ ಅರಿತಿದ್ದವರು ವಿಕ್ಟರ್ ಗ್ರೂಯನ್ ಎಂಬ ವಾಸ್ತುಶಿಲ್ಪಿ.

ಗ್ರೂಯನ್ ಅವರು 1903ರಲ್ಲಿ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಜನಿಸಿದರು. ಕೆಳಗೆ ಅಂಗಡಿ, ಮೇಲೆ ಮನೆ, ಬೀದಿಯ ತಿರುವಿನಲ್ಲಿ ಕಾಫಿಗೃಹ, ಎಲ್ಲೆಲ್ಲಿಯೂ ಕಾಲ್ನಡಿಗೆಯ ಜನ: ಇದು ಆ ನಗರದ ಚೆಲುವು. 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ಆಕ್ರಮಿಸಿದಾಗ ಯೆಹೂದಿಯಾಗಿದ್ದ ಅವರು ತಾಯ್ನಾಡನ್ನು ತೊರೆದು ಅಮೆರಿಕವನ್ನು ಸೇರಿದರು.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಕುಟುಂಬಗಳು ನಗರಗಳನ್ನು ಬಿಟ್ಟು ಉಪನಗರಗಳಿಗೆ ವಲಸೆಹೋಗತೊಡಗಿದವು. ಅಲ್ಲಿ ಸಾಲು ಸಾಲು ಮನೆಗಳಿದ್ದವು, ಮನೆಗೊಂದು ಕಾರಿತ್ತು; ಆದರೆ ಜನರು ಕೂಡುವ ಚೌಕವಿರಲಿಲ್ಲ. ಆ ಕೊರತೆಯನ್ನು ತುಂಬುವುದೇ ಗ್ರೂಯನ್ ಅವರ ಹಂಬಲವಾಯಿತು.

ಮಿನಿಯಾಪೊಲಿಸ್ ನಗರದ ಸಮೀಪದ ಈಡೈನಾದಲ್ಲಿ ಅವರಿಗೆ ಅವಕಾಶ ಒದಗಿತು. ಅಲ್ಲಿ ಚಳಿಗಾಲವೆಂದರೆ ಹಿಮಪಾತ, ಬೇಸಿಗೆಯೆಂದರೆ ಸುಡುಬಿಸಿಲು. ಆದುದರಿಂದ ಇಡೀ ಪೇಟೆಗೇ ಸೂರು ಹೊದಿಸಲು ಅವರು ನಿಶ್ಚಯಿಸಿದರು. 1956ರ ಅಕ್ಟೋಬರ್ 8ರಂದು ‘ಸೌತ್‌ಡೇಲ್’ ಬಾಗಿಲು ತೆರೆಯಿತು. ಎರಡು ಅಂತಸ್ತುಗಳಲ್ಲಿ 72 ಅಂಗಡಿಗಳು; ನಡುವೆ ಗಿಡಮರಗಳೂ ಹಕ್ಕಿಗಳ ಪಂಜರವೂ ಕಾಫಿಗೃಹವೂ ಇದ್ದ ವಿಶಾಲ ಅಂಗಳ. ಹೊರಗೆ ಹಿಮ ಬೀಳುತ್ತಿದ್ದರೂ ಒಳಗೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನ ಹಿತವಾದ ಹವೆ. ಅದನ್ನು ನಿತ್ಯವಸಂತದ ಅಂಗಳವೆಂದು ಕರೆದರು.

ಬಟ್ಟೆಯಿಂದ ಪೀಠೋಪಕರಣದವರೆಗೆ ಬಗೆಬಗೆಯ ಸರಕುಗಳನ್ನು ಪ್ರತ್ಯೇಕ ವಿಭಾಗಗಳಲ್ಲಿ ಮಾರುವ ದೊಡ್ಡ ಮಳಿಗೆಗೆ ಡಿಪಾರ್ಟ್‌ಮೆಂಟ್ ಸ್ಟೋರ್ ಎಂದು ಹೆಸರು. ಸೌತ್‌ಡೇಲನ್ನು ಕಟ್ಟಿಸಿದ ಡೇಟನ್ ಸಂಸ್ಥೆ ಅಂಥ ಮಳಿಗೆಯ ಒಡೆತನದ್ದು. ತನ್ನ ಪ್ರತಿಸ್ಪರ್ಧಿಯಾದ ಡೊನಾಲ್ಡ್‌ಸನ್ ಮಳಿಗೆಗೂ ಅದು ಅಲ್ಲಿ ಎಡೆಕೊಟ್ಟಿತು. ಎರಡೂ ಕಡೆ ಓಡಾಡುವ ಗಿರಾಕಿಗಳು ನಡುವಣ ಸಣ್ಣ ಅಂಗಡಿಗಳನ್ನೂ ಹೊಗುತ್ತಿದ್ದರು. ಹೀಗೆ ಪೈಪೋಟಿಯೇ ಎಲ್ಲರಿಗೂ ಲಾಭವಾಯಿತು.

ಆದರೆ ಗ್ರೂಯನ್ ಅವರ ಕನಸು ಅಂಗಡಿಗಳಿಗೆ ಮುಗಿದಿರಲಿಲ್ಲ. ಸುತ್ತಲೂ ಮನೆಗಳು, ಶಾಲೆ, ಚಿಕಿತ್ಸಾಲಯ, ಉದ್ಯಾನ, ಕೆರೆ ಇರಬೇಕೆಂಬುದು ಅವರ ಯೋಜನೆ. ವ್ಯಾಪಾರಿಗಳು ಲಾಭ ತರುವ ಭಾಗವನ್ನಷ್ಟೇ ಆರಿಸಿಕೊಂಡರು. ದೇಶದಾದ್ಯಂತ ಇದರ ಅನುಕರಣೆಗಳೆದ್ದವು. ಸುತ್ತಲೂ ಮನೆಗಳ ಬದಲು ಕಾರು ನಿಲ್ಲಿಸುವ ಬಯಲುಗಳು ಹರಡಿದವು. ಹಳೆಯ ಪೇಟೆಬೀದಿಗಳು ಕಳೆಗುಂದಿದವು. 1968ರಲ್ಲಿ ಗ್ರೂಯನ್ ವಿಯೆನ್ನಾಕ್ಕೆ ಮರಳಿದರು. 1976ರಲ್ಲಿ ಆ ನಗರದ ಹೊರವಲಯದಲ್ಲಿಯೂ ಅಂಥದೇ ಮಾರುಕಟ್ಟೆ ತಲೆಯೆತ್ತಿತು! ಈ ಕಟ್ಟಡಗಳಿಗೆ ತನ್ನನ್ನು ಜನಕನೆಂದು ಕರೆಯಬಾರದೆಂದು 1978ರಲ್ಲಿ ಬಹಿರಂಗವಾಗಿ ಸಾರಿ, 1980ರಲ್ಲಿ ಅವರು ಕಣ್ಮುಚ್ಚಿದರು.

ಕಾಲಚಕ್ರ ಮಳಿಗೆಗಳನ್ನೂ ಬಿಡಲಿಲ್ಲ. 1987ರಲ್ಲಿ ಡೊನಾಲ್ಡ್‌ಸನ್ ಪರರ ಕೈಸೇರಿತು. 2001ರಲ್ಲಿ ಡೇಟನ್ ಎಂಬ ಫಲಕವೂ ಇಳಿಯಿತು. ಡೇಟನ್ ಸಂಸ್ಥೆಯೇ 1962ರಲ್ಲಿ ಅಗ್ಗದ ಮಾರಾಟಕ್ಕೆಂದು ಆರಂಭಿಸಿದ ‘ಟಾರ್ಗೆಟ್’ ಮಾತ್ರ ತಾಯಿಯನ್ನೇ ಮೀರಿ ಬೆಳೆಯಿತು. ಸೌತ್‌ಡೇಲಿನ ಮತ್ತೊಂದು ದೊಡ್ಡ ಮಳಿಗೆಯಿದ್ದ ಸ್ಥಳದಲ್ಲಿ 2019ರಲ್ಲಿ ವ್ಯಾಯಾಮಶಾಲೆ ತೆರೆಯಿತು. ಕಾರು ನಿಲ್ಲುತ್ತಿದ್ದ ಬಯಲಿನ ಒಂದು ಭಾಗದಲ್ಲಿ ವಸತಿಗೃಹಗಳೆದ್ದವು.

ಅರ್ಧ ಶತಮಾನಕ್ಕೂ ಹಿಂದೆ ಲಾಭವಿಲ್ಲವೆಂದು ಕೈಬಿಟ್ಟ ಮನೆಗಳು ಕೊನೆಗೆ ಅಂಗಡಿಗಳ ನೆರೆಗೆ ಬಂದವು. ಕೊಳ್ಳುವವರಿಂದ ಸಂತೆ ಬೆಳೆಯುತ್ತದೆ, ನಿಜ. ಬಾಳುವವರು ಬಳಿಯಿದ್ದರೆ ಮಾತ್ರ ಅದು ಊರಾಗುತ್ತದೆ.