ಪತ್ತನಾಜೆಯ ಮರುದಿನ

ಮಂಗಳೂರಿನ ಮಣ್ಣಗುಡ್ಡಕ್ಕೆ ಹೆಸರಿನಲ್ಲಿ ಗುಡ್ಡವಿದ್ದರೂ, ಇಂದು ಅದನ್ನು ಗುಡ್ಡವೆಂದು ಗುರುತಿಸಬಲ್ಲವು ನಡೆದು ದಣಿದ ಕಾಲುಗಳು ಮಾತ್ರ. ಕಣ್ಣಿಗೆ ಕಾಣುವುದು ಎತ್ತರದ ವಸತಿ ಕಟ್ಟಡಗಳು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಉಳಿದುಕೊಂಡ ಹೆಂಚಿನ ಮನೆ, ಮುರಕಲ್ಲಿನ ಪಾಗಾರ, ಪಾಗಾರದಾಚೆಗೆ ಕೈಚಾಚಿದ ಹಲಸು. ಸಂಜೆಯಾದರೆ ಗಾಂಧಿ ಪಾರ್ಕಿನಲ್ಲಿ ಮಕ್ಕಳ ಕೂಗು; ಕತ್ತಲಾದರೆ ಪ್ರತಿಯೊಂದು ಮನೆಯ ಕಿಟಕಿಯಲ್ಲೂ ಟಿ.ವಿ.ಯ ನೀಲಿ ಬೆಳಕು. ಮೇ ತಿಂಗಳ ಕೊನೆಯ ವಾರ ನಾನು ಬೆಂಗಳೂರಿನಿಂದ ಹೋಗಿ ಇಳಿದಾಗ ನಮ್ಮ ಮನೆಯ ಕಿಟಕಿಯಲ್ಲಿ ಆ ಬೆಳಕಿರಲಿಲ್ಲ.

ಒಳಗೆ ತಾಯಿಯವರು ಆರಿದ ಟಿ.ವಿ.ಯ ಎದುರು ಸುಮ್ಮನೆ ಕುಳಿತಿದ್ದರು.

“ಕರೆಂಟು ಇಲ್ಲವೇ ಅಮ್ಮ?”

“ಉಂಟು. ಕಥೆ ಮುಗಿಯಿತು.”

ವಿಷಯ ಇಷ್ಟೆ. ನಾಲ್ಕು ವರ್ಷಗಳಿಂದ ರಾತ್ರಿ ಎಂಟು ಗಂಟೆಗೆ ಬರುತ್ತಿದ್ದ ಅವರ ಧಾರಾವಾಹಿ ಹಿಂದಿನ ವಾರ ಸಮಾಪ್ತವಾಗಿತ್ತು. ನಾಯಕಿಗೆ ನ್ಯಾಯ ದೊರೆತಿತ್ತು, ಖಳನಾಯಕ ಪಶ್ಚಾತ್ತಾಪಪಟ್ಟಿದ್ದ, ಎಲ್ಲರೂ ಸೇರಿ ಒಂದು ಫೋಟೋ ತೆಗೆಸಿಕೊಂಡಿದ್ದರು. ಓದುಗರು ನಗಬಹುದು, ನಾನೂ ಮೊದಲು ನಕ್ಕೆ. ಆದರೆ ಆ ಧಾರಾವಾಹಿಯ ಮೊದಲ ಮೂರು ವರ್ಷಗಳಲ್ಲಿ ತಾಯಿಯವರ ಪಕ್ಕದ ಕುರ್ಚಿಯಲ್ಲಿ ತಂದೆಯವರಿದ್ದರು. “ಇದೆಂಥ ಕಥೆ ಮಾರಾಯ್ತಿ!” ಎಂದು ದಿನವೂ ಬೈಯುತ್ತ, ದಿನವೂ ಎಂಟಕ್ಕೆ ಐದು ನಿಮಿಷವಿರುವಾಗಲೇ ಬಂದು ಕುಳಿತುಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೂ ಎಂಟು ಗಂಟೆ ಎಂಬುದು ಮನೆಯಲ್ಲಿ ಉಳಿದಿತ್ತು. ಈಗ ಅದೂ ಹೋಗಿತ್ತು.

ನಾನು ಈ ಕಾಲದ ಮಗ ಮಾಡುವ ಉಪಚಾರವನ್ನೇ ಮಾಡಿದೆ. ಫೋನಿನಲ್ಲಿ ಹೊಸ ಧಾರಾವಾಹಿಗಳನ್ನು ಹುಡುಕಿ, ಹಳೆಯದಕ್ಕೆ ಆದಷ್ಟು ಹತ್ತಿರವಿದ್ದ ಎರಡನ್ನು ಆರಿಸಿ ತೋರಿಸಿದೆ. ತಾಯಿಯವರು ಎರಡು ದಿನ ನೋಡಿ, “ಚೆನ್ನಾಗಿಯೇ ಉಂಟು ಮಗಾ. ಆದರೆ ಗುರುತಿಲ್ಲದವರ ಮದುವೆಗೆ ಹೋಗಿ ಕುಳಿತ ಹಾಗೆ ಆಗುತ್ತದೆ” ಎಂದು ಕನ್ನಡಕ ತೆಗೆದಿಟ್ಟರು. ಒಂದರಂತೆಯೇ ಇರುವ ಇನ್ನೊಂದು ಮೊದಲಿನದನ್ನು ಮತ್ತೆಮತ್ತೆ ನೆನಪಿಸುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ನಡುವೆ ನಿಂತುಹೋದ ಕಥೆಗಳ ಅನುಭವ ಕನ್ನಡಿಗರಿಗೆ ಹೊಸದಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಇದೇ ಊರಿನಲ್ಲಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದರು, ವರುಷ ತುಂಬುವ ಮೊದಲೇ, 1844ರಲ್ಲಿ, ಅದು ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಬಳ್ಳಾರಿಗೆ ಹೊರಟುಹೋಯಿತು. ಅದಕ್ಕೂ ಹಿಂದೆ, ಕುಮಾರವ್ಯಾಸನು ಭಾರತದ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದನು. ಉಳಿದ ಕಥೆಯನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಬೇಕಾಯಿತು. 1963ರಲ್ಲಿ ತ್ರಿವೇಣಿಯವರು ತೀರಿಕೊಂಡಾಗ ಅಪೂರ್ಣವಾಗಿದ್ದ ‘ಅವಳ ಮನೆ’ಯನ್ನು ಎಂ. ಸಿ. ಪದ್ಮಾ ಮುಗಿಸಿಕೊಟ್ಟರು. ಪ್ರತಿ ಸಲವೂ ಯಾರೋ ಒಬ್ಬರು ಎಳೆಯನ್ನು ಕೈಗೆತ್ತಿಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಎತ್ತಿಕೊಂಡವರು ಆಚೆಮನೆಯ ದೊಡ್ಡಮ್ಮ.

“ನಿನ್ನೆ ಪತ್ತನಾಜೆ ಕಳೆಯಿತಲ್ಲ?” ಎನ್ನುತ್ತ ಅವರು ಹಲಸಿನ ಹಣ್ಣಿನ ತಟ್ಟೆಯೊಂದಿಗೆ ಬಂದರು. ಇತರ ಊರುಗಳ ಓದುಗರಿಗಾಗಿ ಹೇಳಬೇಕು: ತುಳುವರ ಬೇಶ ತಿಂಗಳ ಹತ್ತನೆಯ ದಿನವೇ ಪತ್ತನಾಜೆ, ಮೇ 24ರ ಆಸುಪಾಸಿನಲ್ಲಿ ಬರುತ್ತದೆ. ಅಲ್ಲಿಗೆ ಜಾತ್ರೆ, ನೇಮ, ಕೋಲಗಳ ಋತು ಮುಗಿಯಿತು. ಊರೂರು ತಿರುಗಿದ ಯಕ್ಷಗಾನ ಮೇಳಗಳು ತಮ್ಮ ತಮ್ಮ ಕ್ಷೇತ್ರಗಳಿಗೆ ಮರಳಿ, ಕೊನೆಯ ಸೇವೆಯಾಟವಾಡಿ ಗೆಜ್ಜೆ ಬಿಚ್ಚುತ್ತವೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ಅರ್ಧ ವರ್ಷ ಆಟ ನೋಡಿ ರೂಢಿಯಾದ ಜಿಲ್ಲೆ, ಉಳಿದರ್ಧ ವರ್ಷ ಮಳೆಯನ್ನು ನೋಡುತ್ತ ಕೂರಬೇಕು.

“ಮೇಳದವರು ಗೆಜ್ಜೆ ಬಿಚ್ಚಿದರೆಂದು ಭಾಗವತರ ಸ್ವರ ನಿಲ್ಲುತ್ತದೆಯೇ?” ಎಂದರು ದೊಡ್ಡಮ್ಮ. “ಶನಿವಾರ ಇಲ್ಲೇ ಹತ್ತಿರ ತಾಳಮದ್ದಳೆ ಉಂಟು. ವಾಲಿಮೋಕ್ಷ. ನೀವೂ ಬನ್ನಿ.”

ತಾಯಿಯವರು ತಲೆಯೆತ್ತಿದರು. ವಾಲಿ ಎಂದರೆ ತಂದೆಯವರ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಅವರು ಯೌವನದಲ್ಲಿ ಕೇಳಿದ್ದರಂತೆ. ಊಟದ ಎಲೆಯ ಮುಂದೆ ಆ ವಾಲಿಯ ವಾದವನ್ನು ಎಷ್ಟು ಸಲ ಒಪ್ಪಿಸಿದ್ದರೋ ಲೆಕ್ಕವಿಲ್ಲ.

ಶನಿವಾರ ಮೊದಲ ಜೋರು ಮಳೆ. ಕೊಡೆ ಹಿಡಿದು, ಹರಿಯುವ ಕೆನ್ನೀರನ್ನು ದಾಟಿ, ದೇವಸ್ಥಾನದ ಸಭಾಗೃಹವನ್ನು ಸೇರಿದೆವು. ತಾಳಮದ್ದಳೆಯಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ನಡುವೆ ಭಾಗವತರು, ಚೆಂಡೆ, ಮದ್ದಳೆ. ಎರಡು ಪಕ್ಕಗಳಲ್ಲಿ ಪಂಚೆಯುಟ್ಟು ಶಾಲು ಹೊದ್ದ ಅರ್ಥಧಾರಿಗಳು. ಭಾಗವತರು ಪದ ಹಾಡುತ್ತಾರೆ. ಆ ಪದದ ಅರ್ಥವನ್ನು ಪಾತ್ರವಾಗಿ ನಿಂತು, ಅಂದಂದಿಗೇ ಹೊಸೆದ ಮಾತಿನಲ್ಲಿ, ಅರ್ಥಧಾರಿ ವಿಸ್ತರಿಸುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಾಳಿ ಏನು ಕೇಳುವನೋ ತಿಳಿಯದು. ಆದ್ದರಿಂದ ಎಲ್ಲರಿಗೂ ಗೊತ್ತಿರುವ ಕಥೆಯನ್ನು ಯಾರಿಗೂ ಗೊತ್ತಿರದ ಹಾಗೆ ಕೇಳಬಹುದು. ಹಿಂದಿನ ವಾರ ರಂಗಸ್ಥಳದಲ್ಲಿ ಕುಣಿದ ಕಥೆಯೇ ಈ ವಾರ ಕುಳಿತು ಮಾತನಾಡುತ್ತದೆ. ಮುಗಿದುದಕ್ಕೆ ಬದಲಿಯನ್ನು ಹುಡುಕದೆ, ಅದೇ ಕಥೆಯನ್ನು ಇನ್ನೊಂದು ಬಾಗಿಲಿನಿಂದ ಹೊಗುವ ಉಪಾಯವನ್ನು ಈ ನಾಡು ಎಂದೋ ಕಂಡುಕೊಂಡಿದೆ.

ಬಾಣ ನೆಟ್ಟ ವಾಲಿ ಕೇಳಿದ: ನಿನಗೂ ನನಗೂ ಯಾವ ಹಗೆ? ಮರೆಯಲ್ಲಿ ನಿಂತೇಕೆ ಹೊಡೆದೆ? ರಾಮ ಧರ್ಮವನ್ನು ಹೇಳಿದ. ವಾಲಿ ಅದನ್ನೇ ಹಿಡಿದು ಮರುಪ್ರಶ್ನೆ ಹಾಕಿದ. ಪಕ್ಕಕ್ಕೆ ತಿರುಗಿ ನೋಡಿದೆ. ತಾಯಿಯವರು ಮುಂದಕ್ಕೆ ಬಾಗಿ ಕುಳಿತಿದ್ದರು.

ಹಿಂದಿರುಗುವಾಗ ಕೊಡೆಯ ಕೆಳಗೆ ಅವರು ಕೇಳಿದರು: “ರಾಮ ಸರಿಯಾದ ಉತ್ತರ ಕೊಡಲಿಲ್ಲ, ಅಲ್ಲವೋ?” ಕೊಟ್ಟನೆಂದು ನಾನು ವಾದಿಸಿದೆ. ಅವರು ಬಿಡಲಿಲ್ಲ. ಮನೆಯ ಬಾಗಿಲ ಬೀಗ ತೆಗೆಯುವವರೆಗೂ ಚರ್ಚೆ ನಡೆಯಿತು. ಒಂದು ವರ್ಷದಿಂದ ಅವರು ಯಾರೊಡನೆಯೂ ಒಂದು ಕಥೆಯ ಬಗ್ಗೆ ಜಗಳವಾಡಿರಲಿಲ್ಲ. ಮುಗಿದ ಧಾರಾವಾಹಿಯಲ್ಲಿ ಅವರು ಕಳೆದುಕೊಂಡದ್ದು ಆ ಜಗಳದ ಕೊನೆಯ ಎಳೆಯನ್ನು ಎಂಬುದು ನನಗೆ ಅರ್ಥವಾದದ್ದು ಆಗ.

ಮುಂದಿನ ಕೆಲಸ ಸುಲಭವಾಯಿತು. ಒಂದು ಪ್ರಶ್ನೆ ಹುಟ್ಟಿದರೆ ಪುಸ್ತಕ ತಾನಾಗಿ ಸಿಗುತ್ತದೆ. ಗ್ರಂಥಾಲಯದಿಂದ ಮೊದಲು ತೊರವೆ ರಾಮಾಯಣ ಬಂದಿತು. ಷಟ್ಪದಿ ಅವರಿಗೆ ತುಸು ಬಿಗಿಯಾಯಿತು. ಬಳಿಕ 1949ರಲ್ಲಿ ಪ್ರಕಟವಾದ, ಮುಂದೆ ಜ್ಞಾನಪೀಠದ ಗೌರವ ಪಡೆದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಬಂದಿತು. ದಿನಕ್ಕೆ ನಾಲ್ಕು ಪುಟದಂತೆ, ಎಂಟು ಗಂಟೆಗೆ, ಗಟ್ಟಿಯಾಗಿ ಓದಿದೆವು. ಅಲ್ಲಿಯ ರಾಮ ವಾಲಿಯ ಮುಂದೆ ತನ್ನ ತಪ್ಪಿಗಾಗಿ ಪರಿತಪಿಸುತ್ತಾನೆ. ತಾಯಿಯವರು ಓದನ್ನು ನಿಲ್ಲಿಸಿ, ಖಾಲಿ ಕುರ್ಚಿಯ ಕಡೆಗೊಮ್ಮೆ ನೋಡಿ, “ಇವರಿಗೆ ಇದನ್ನು ಹೇಳಬೇಕಿತ್ತು” ಎಂದರು. ಆಮೇಲೆ ಪುಟ ತಿರುಗಿಸಿದರು.

ಮೆಚ್ಚಿನ ಕಥೆ ಮುಗಿದು ಬೇಸರಗೊಂಡ ಓದುಗರಿಗೆ ನನ್ನ ಸೂಚನೆ ಇಷ್ಟೆ. ಅದರಂತಹುದನ್ನೇ ಅರಸಬೇಡಿ. ಅದರಲ್ಲಿ ನಿಮ್ಮನ್ನು ಹಿಡಿದ ಒಂದು ಎಳೆ, ಒಂದು ಪಾತ್ರವೋ ಒಂದು ಪ್ರಶ್ನೆಯೋ ಯಾವುದಾದರೂ ಸರಿ, ಅದನ್ನು ಹಿಡಿದು ಬೇರೊಂದು ರೂಪಕ್ಕೆ ದಾಟಿರಿ: ನೋಡಿದ್ದರೆ ಕೇಳಿರಿ, ಕೇಳಿದ್ದರೆ ಓದಿರಿ. ಸಾಧ್ಯವಾದರೆ ಒಬ್ಬರ ಜೊತೆಗೆ. ನಮ್ಮ ಪಕ್ಕದ ನಂದಳಿಕೆಯ ಮುದ್ದಣ (1870–1901) ‘ರಾಮಾಶ್ವಮೇಧ’ದಲ್ಲಿ ಮಾಡಿದ್ದೂ ಇದನ್ನೇ ಅಲ್ಲವೆ? ಹೊರಗೆ ಮಳೆಗಾಲ, ಒಳಗೆ ಮನೋರಮೆ ಹೊತ್ತು ಕಳೆಯಲು ಕಥೆ ಬೇಡುತ್ತಾಳೆ, ಪದ್ಯ ಬೇಡ, ಗದ್ಯವೇ ಆಗಲಿ ಎನ್ನುತ್ತಾಳೆ. ಅವನು ಹೇಳುವುದು ಹಳೆಯ ರಾಮನ ಕಥೆಯನ್ನೇ. ಇಂದು ನಮಗೆ ಹೆಚ್ಚು ನೆನಪಿರುವುದು ಕಥೆಯ ನಡುವೆ ಅವರಿಬ್ಬರು ಆಡಿಕೊಂಡ ಮಾತು.

ನಾನು ಬೆಂಗಳೂರಿಗೆ ಮರಳಿದೆ. ಮೊನ್ನೆ ರಾತ್ರಿ ಎಂಟು ಗಂಟೆಗೆ ಫೋನ್ ಮಾಡಿದರೆ ತಾಯಿಯವರು ಎತ್ತಲಿಲ್ಲ. ಗಾಬರಿಯಿಂದ ಮತ್ತೆ ಮತ್ತೆ ಮಾಡಿದೆ. ಹತ್ತು ಗಂಟೆಯ ಸುಮಾರಿಗೆ ಅವರೇ ಕರೆದರು. ಹಿಂದೆ ಮಳೆಯ ಸದ್ದು, ದೊಡ್ಡಮ್ಮನ ನಗು.

“ಈಗಷ್ಟೆ ಬಂದೆವು ಮಗಾ. ಇವತ್ತು ಕರ್ಣಭೇದನ. ಕೃಷ್ಣನದ್ದು ಸ್ವಲ್ಪ ಜಾಸ್ತಿಯಾಯಿತು. ನೀನೇನು ಹೇಳುತ್ತಿ?”