ಸ್ನಾಯು ಅದುರುವ ದಿನಗಳಲ್ಲಿ ನರಮಂಡಲದ ಪಾಠ

ಬೋಧನಾಭ್ಯಾಸಕ್ಕೆ ನನಗೆ ಹಂಚಿಕೆಯಾಗಿದ್ದು ಹತ್ತನೇ ತರಗತಿಯ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಘಟಕ. ನರಕೋಶದ ರಚನೆ, ಪರಾವರ್ತಿತ ಚಾಪ, ಮೆದುಳಿನ ಭಾಗಗಳು, ಆಮೇಲೆ ಹಾರ್ಮೋನುಗಳು. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವಳಿಗೆ ಇಷ್ಟದ ಪಾಠವೇ. ಆದರೆ ಪಾಠಯೋಜನೆ ಬರೆಯಲು ಕೂತ ಆ ಎರಡು ವಾರ ನನ್ನ ಎಡಗಾಲಿನ ಮೀನಖಂಡ ತಾನಾಗಿಯೇ ಅದುರುತ್ತಿತ್ತು, ಚರ್ಮದ ಕೆಳಗೆ ಹುಳ ಹರಿದಂತೆ. ನಂತರ ಬಲಗೈ ಹೆಬ್ಬೆರಳಿನ ಬುಡ. ಕೊನೆಗೆ ಎಡಗಣ್ಣಿನ ರೆಪ್ಪೆ. ಫೋನಿನಲ್ಲಿ ಅಮ್ಮ, “ಎಡಗಣ್ಣು ತಾನೆ, ಹೆಂಗಸರಿಗೆ ಒಳ್ಳೇದು ಬಿಡೇ” ಅಂದಳು. ಮೀನಖಂಡಕ್ಕೆ ಶಕುನ ಹೇಳುವವರು ಯಾರೂ ಇರಲಿಲ್ಲ, ಮೊಬೈಲ್ ಇತ್ತು.

ಮೊಬೈಲ್ ಹೇಳಿದ ಹೆಸರು ಎ.ಎಲ್.ಎಸ್. ಮೆದುಳು ಮತ್ತು ಮೆದುಳುಬಳ್ಳಿಯಿಂದ ಸ್ನಾಯುಗಳಿಗೆ ಆದೇಶ ಒಯ್ಯುವ ಕ್ರಿಯಾವಾಹಿ ನರಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆ. ನಾನು ಚಾರ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದ ಅದೇ ನರಕೋಶ. ವರ್ಷಕ್ಕೆ ಲಕ್ಷದಲ್ಲಿ ಸುಮಾರು ಇಬ್ಬರಿಗೆ ಬರುವಂಥದ್ದು, ಅದೂ ಹೆಚ್ಚಾಗಿ ಐವತ್ತು ದಾಟಿದ ಮೇಲೆ ಎಂಬುದನ್ನೂ ಓದಿದ್ದೆ. ಆದರೆ 1963ರಲ್ಲಿ ರೋಗ ಪತ್ತೆಯಾದಾಗ ಸ್ಟೀಫನ್ ಹಾಕಿಂಗ್‌ಗೆ 21 ವರ್ಷ. ನನಗೆ 25. ಭಯಕ್ಕೆ ಲಕ್ಷದ ಲೆಕ್ಕ ಹಿಡಿಸುವುದಿಲ್ಲ, ಒಬ್ಬನ ಉದಾಹರಣೆ ಸಾಕು. ಅದೇ ಹಾಕಿಂಗ್ 2018ರವರೆಗೆ ಬದುಕಿದ್ದ ಎಂಬ ಅರ್ಧ ಮಾತ್ರ ಆಗ ಕಣ್ಣಿಗೆ ಬೀಳಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಸ್ಟೆಲ್ಲಿನ ಬಚ್ಚಲಮನೆಯಲ್ಲಿ ತುದಿಗಾಲಿನಲ್ಲಿ ನಡೆಯುತ್ತಿದ್ದೆ. ಆಮೇಲೆ ಹಿಮ್ಮಡಿಯಲ್ಲಿ. ಕನ್ನಡಿಗೆ ನಾಲಿಗೆ ಚಾಚಿ ಅದು ಅದುರುತ್ತದೆಯೇ ಎಂದು ನೋಡುತ್ತಿದ್ದೆ. ಚಾಚಿದ ನಾಲಿಗೆ ಯಾರದ್ದಾದರೂ ಸ್ವಲ್ಪ ಅಲುಗುತ್ತದೆ! ಎರಡೂ ಮೀನಖಂಡಗಳ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ಪಾಠಯೋಜನೆಯ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟೆ. ಸರಿಯಿದೆ ಅನ್ನಿಸಿದರೆ ಆ ನೆಮ್ಮದಿ ಅರ್ಧ ಗಂಟೆ ಇರುತ್ತಿತ್ತು. ಬೋರ್ಡಿನ ಮುಂದೆ ಒಮ್ಮೆ ಸೀಮೆಸುಣ್ಣ ಕೈಜಾರಿದಾಗ ಮಕ್ಕಳು ನಕ್ಕರು, ನನಗೆ ಹೊಟ್ಟೆಯೊಳಗೆ ತಣ್ಣಗಾಯಿತು.

ಕೊನೆಗೆ ಜೊತೆಯ ಪ್ರಶಿಕ್ಷಣಾರ್ಥಿಯೊಬ್ಬಳು ಬಲವಂತ ಮಾಡಿ ನರರೋಗ ತಜ್ಞರ ಬಳಿ ಕರೆದೊಯ್ದಳು. ಅವರು ಮೊದಲು ಕೇಳಿದ್ದು ಎಷ್ಟು ನಿದ್ದೆ, ಎಷ್ಟು ಕಾಫಿ ಎಂದು. ಪಾಠಯೋಜನೆಗಳ ದಯೆಯಿಂದ ನಾಲ್ಕು ಗಂಟೆ ನಿದ್ದೆ, ಆರು ಲೋಟ ಕಾಫಿ. ಕೈ ಹಿಂಡಿಸಿದರು, ಪಾದವನ್ನು ಒತ್ತಿಸಿದರು, ಸುತ್ತಿಗೆಯಲ್ಲಿ ಮಂಡಿ ತಟ್ಟಿದರು. ಒಂದು ಕಾಲು ಸರಿಯಾಗಿ ಎಗರದಿದ್ದಾಗ, ಎರಡೂ ಕೈಬೆರಳುಗಳನ್ನು ಕೊಂಡಿ ಹಾಕಿ ಎಳೆಯಿರಿ ಎಂದರು. ಎಳೆದೆ, ಕಾಲು ಎಗರಿತು. ಜೆಂಡ್ರಾಸಿಕ್ ಎಂಬ ಹಂಗೇರಿಯ ವೈದ್ಯ ಕಂಡುಕೊಂಡ ಉಪಾಯವಂತೆ. “ಅದುರೋದು ಬಹಳ ಜನಕ್ಕೆ ಇರತ್ತಮ್ಮ. ನಾವು ನೋಡೋದು ಬಲ ಕಮ್ಮಿಯಾಗಿದೆಯಾ, ಸ್ನಾಯು ಕರಗಿದೆಯಾ ಅಂತ. ನಿಮಗೆ ಎರಡೂ ಇಲ್ಲ,” ಎಂದರು. ಆಮೇಲೆ ಹೇಳಿದ್ದು ಇನ್ನೂ ಮುಖ್ಯ: “ನಾಳೆ ಬೆಳಿಗ್ಗೆ, ಈ ಡಾಕ್ಟ್ರು ಸರಿಯಾಗಿ ನೋಡಿದ್ರೋ ಇಲ್ವೋ ಅನ್ನಿಸತ್ತೆ. ಆಗ ಮತ್ತೆ ತುದಿಗಾಲಲ್ಲಿ ನಡೀಬೇಡಿ.”

ಬೆಳಿಗ್ಗೆ ಐದೂವರೆಗೇ ಅನ್ನಿಸಿತು. ಕಾಯಿಲೆಯ ಭಯವೇ ಒಂದು ತೊಂದರೆ, ಅದಕ್ಕೂ ಚಿಕಿತ್ಸೆಯಿದೆ ಎಂದು ತಿಳಿದದ್ದು 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ಕರೆ ಮಾಡಿದಾಗ. ಅಲ್ಲಿ ಕನ್ನಡದಲ್ಲೇ ಮಾತಾಡಿದರು. ನಂತರ ನಾಲ್ಕು ಸಲ ಆಪ್ತಸಮಾಲೋಚಕರನ್ನು ಕಂಡೆ. ದೇಹವನ್ನು ಪರೀಕ್ಷಿಸಬೇಕು ಅನ್ನಿಸಿದಾಗ ಹತ್ತು ನಿಮಿಷ ಮುಂದೂಡುವುದು, ಮಾರನೇ ದಿನ ಇಪ್ಪತ್ತು ನಿಮಿಷ. ಕೇಳಲು ಸುಲಭ, ಮಾಡಲು ಉಪವಾಸದಷ್ಟು ಕಷ್ಟ.

ಪಾಠ ಮುಂದೂಡುವಂತಿರಲಿಲ್ಲ. 42 ಮಕ್ಕಳು, ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಉಪನ್ಯಾಸಕರು. ಪರಾವರ್ತಿತ ಚಾಪಕ್ಕೆ ಚಾರ್ಟ್ ಬದಿಗಿಟ್ಟು ಒಬ್ಬ ಹುಡುಗನನ್ನು ಮೇಜಿನ ಮೇಲೆ ಕೂರಿಸಿ, ಅಂಗೈಯ ಅಂಚಿನಿಂದ ಮಂಡಿಚಿಪ್ಪಿನ ಕೆಳಗೆ ತಟ್ಟಿದೆ. ಕಾಲು ಅಲುಗಲಿಲ್ಲ. ಬೆರಳು ಕೊಂಡಿ ಹಾಕಿ ಎಳೆಯಲು ಹೇಳಿದೆ. ಕಾಲು ಎಗರಿ ಮೇಜಿನ ಮೇಲಿದ್ದ ಡಸ್ಟರ್ ಬಿತ್ತು, ಇಡೀ ತರಗತಿ ಮಂಡಿ ತಟ್ಟಿಕೊಳ್ಳತೊಡಗಿತು. ಬಿಸಿ ಪಾತ್ರೆ ಮುಟ್ಟಿ ಕೈ ಎಳೆದುಕೊಳ್ಳುವಾಗ ನಡುವೆ ಇನ್ನೊಂದು ನರಕೋಶ ಇರುತ್ತದೆ, ಮಂಡಿಯ ಈ ಒದೆತದಲ್ಲಿ ಅದೂ ಇಲ್ಲ, ಎರಡೇ ನರಕೋಶಗಳ ವ್ಯವಹಾರ ಎಂದು ಬೋರ್ಡಿನಲ್ಲಿ ಬರೆದು ತೋರಿಸಿದೆ.

ಯೋಜನೆಯಲ್ಲಿ ಇಲ್ಲದ ಒಂದು ಚಟುವಟಿಕೆಯನ್ನೂ ಸೇರಿಸಿದೆ. ಒಂದು ನಿಮಿಷ ಕಣ್ಣು ಮುಚ್ಚಿ, ಬಾಯೊಳಗೆ ನಾಲಿಗೆ ಎಲ್ಲಿದೆ, ಕಾಲರ್ ಕತ್ತಿಗೆ ಎಲ್ಲಿ ತಾಗುತ್ತಿದೆ ಗಮನಿಸಿ ಎಂದೆ. ಕಣ್ಣು ತೆರೆದಾಗ ಅರ್ಧ ತರಗತಿ ಕತ್ತು ಕೆರೆದುಕೊಳ್ಳುತ್ತಿತ್ತು. ಈ ಸಂದೇಶಗಳು ಬೆಳಿಗ್ಗೆಯಿಂದಲೂ ಬರುತ್ತಲೇ ಇವೆ, ಮೆದುಳು ಹೆಚ್ಚಿನದನ್ನು ಕೇಳಿಸಿಕೊಳ್ಳುವುದಿಲ್ಲ, ಕಿವಿಗೊಟ್ಟರೆ ದೊಡ್ಡದಾಗುತ್ತವೆ ಎಂದು ವಿವರಿಸಿದೆ. ಯಾರಿಗೆ ಹೇಳುತ್ತಿದ್ದೇನೆಂದು ನನಗೆ ಗೊತ್ತಿತ್ತು.

ಆಗ ಮೂರನೇ ಸಾಲಿನ ಹುಡುಗಿ ಎದ್ದು ನಿಂತಳು. “ಮಿಸ್, ನಮ್ ತಾತಂಗೆ ಪಾರ್ಕಿನ್ಸನ್ ಅಂತೆ, ಕೈ ನಡುಗತ್ತೆ. ನಂಗೂ ಪರೀಕ್ಷೆ ಬರೀವಾಗ ಕೈ ನಡುಗತ್ತೆ. ನಂಗೂ ಬರತ್ತಾ?”

ಅವಳು ಎಷ್ಟು ದಿನದಿಂದ ಆ ಕೈ ನೋಡಿಕೊಳ್ಳುತ್ತಿದ್ದಳೋ. ‘ಏನೂ ಆಗಲ್ಲ ಕೂತ್ಕೋ’ ಅನ್ನಬಹುದಿತ್ತು. ಆ ಮಾತು ಅರ್ಧ ಗಂಟೆಗಿಂತ ಹೆಚ್ಚು ಬಾಳುವುದಿಲ್ಲ ಎಂದು ನನ್ನ ಅನುಭವ. ಅದು ಹೆಚ್ಚಾಗಿ ವಯಸ್ಸಾದವರಿಗೆ ಬರುವುದು, ಬಹುಪಾಲು ಜನರಲ್ಲಿ ವಂಶದಿಂದ ಬರುವುದಿಲ್ಲ ಎಂದೆ. ತಾತನ ಕೈ ಸುಮ್ಮನೆ ತೊಡೆಯ ಮೇಲಿಟ್ಟಾಗ ನಡುಗುತ್ತದೋ ಎಂದು ಕೇಳಿದೆ. “ಹೌದು ಮಿಸ್, ಲೋಟ ಹಿಡ್ಕೊಂಡ್ರೆ ಕಮ್ಮಿ.” ನಿನಗೆ? “ಬರೀವಾಗ ಮಾತ್ರ.” ಪರೀಕ್ಷೆಯ ಹೆದರಿಕೆಯಲ್ಲಿ ಅಡ್ರಿನಲಿನ್ ಏರಿದಾಗ ಎಲ್ಲರ ಕೈಯೂ ನಡುಗುತ್ತದೆ, ಈ ಪಾಠದ ಕೊನೆಯಲ್ಲಿ ಆ ಹಾರ್ಮೋನ್ ಬರುತ್ತದೆ ಎಂದೆ. ಮನಸ್ಸಿಗೆ ಸಮಾಧಾನವಾಗದಿದ್ದರೆ ಮನೆಯವರ ಜೊತೆ ಒಮ್ಮೆ ಡಾಕ್ಟರಿಗೆ ತೋರಿಸು, ದಿನಾ ನೀನೇ ನೋಡಿಕೊಳ್ಳಬೇಡ ಎಂದೂ ಸೇರಿಸಿದೆ.

ಅವಲೋಕನ ನಮೂನೆಯಲ್ಲಿ ಉಪನ್ಯಾಸಕರು ‘ಸಮಯ ಹಂಚಿಕೆ ಗಮನಿಸಿ’ ಎಂದು ಬರೆದರು. ನ್ಯಾಯವೇ, ಮೌಲ್ಯಮಾಪನದ ಹಂತಕ್ಕೆ ಉಳಿದಿದ್ದು ಮೂರು ನಿಮಿಷ. ಆದರೂ ರೋಗದ ಹೆಸರು ಬರುವ ಪಾಠಗಳಲ್ಲಿ ಅದು ಎಷ್ಟು ಜನಕ್ಕೆ, ಯಾವ ವಯಸ್ಸಿಗೆ ಬರುತ್ತದೆ ಎಂಬುದಕ್ಕೂ ಯೋಜನೆಯಲ್ಲೇ ಜಾಗ ಇರಬೇಕು ಎಂಬುದು ನನ್ನ ಅಭಿಪ್ರಾಯ. ಲಕ್ಷಣಗಳ ಪಟ್ಟಿ ಮಾತ್ರ ಬರೆಸಿದರೆ ಮಕ್ಕಳು ಅದನ್ನು ಮನೆಗೊಯ್ದು ತಮ್ಮ ಮೈಮೇಲೆ ಹುಡುಕುತ್ತಾರೆ.

ಮೀನಖಂಡ ಈಗಲೂ ಆಗಾಗ ಅದುರುತ್ತದೆ, ಮುಖ್ಯವಾಗಿ ಅವಲೋಕನ ಇರುವ ದಿನ. ಅಳತೆ ಬರೆದಿದ್ದ ಕೊನೆಯ ಪುಟದ ಹಿಂಬದಿಯಲ್ಲಿ ಹಾರ್ಮೋನುಗಳ ಪಾಠದ ಕರಡು ಇದೆ.